ರಾಜಾಜಿನಗರದಲ್ಲಿ ಐದು ಬಿಂದಿಗೆ ಸಮುದ್ರ

ರಾಜಾಜಿನಗರ, ಬೆಂಗಳೂರು
೧೨ ಜೂನ್ ೧೯೭೪

ಪ್ರಿಯ ಹನುಮ,

ಅಂಬುಜಾ ಹೋದಾಗ ನೀನು ಬರೆದ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ. ಹೆಂಡತಿ ಸತ್ತವನು ಏನು ಬರೆಯಬೇಕೆಂದು ತಿಳಿಯಲಿಲ್ಲ. ಈಗ ಬರೆಯುತ್ತಿರುವುದು ಬೇರೆ ಕಾರಣಕ್ಕೆ. ನಗಬೇಡ.

ಮನೆಯಲ್ಲೀಗ ನಾನು, ಅಮ್ಮ ಇಬ್ಬರೇ. ಕಾಲೇಜಿನಲ್ಲಿ ಪಾಠ ಮುಗಿಸಿ ಬಂದರೆ ಅಮ್ಮ ಜಪಕ್ಕೆ ಕೂತಿರುತ್ತಾರೆ. ರೇಡಿಯೋ ಹಾಕುತ್ತೇನೆ, ಆರಿಸುತ್ತೇನೆ. ಗೋಡೆಯ ಆಚೆ ಪಕ್ಕದ ಮನೆಯ ಮಕ್ಕಳು ಮಗ್ಗಿ ಹೇಳುವುದು ಕೇಳಿಸುತ್ತದೆ. ಈ ಮನೆಯಲ್ಲಿ ಉಸಿರಾಡುವುದು ಇನ್ನೊಂದಿಷ್ಟು ಇರಲಿ ಎಂದು ಗಾಜಿನ ತೊಟ್ಟಿ ಮಾಡಿಸಿ ನಡುಮನೆಯಲ್ಲಿ, ದೇವರ ಮನೆಯ ಎದುರಿಗೆ ಇಟ್ಟಿದ್ದೇನೆ. ಐದು ಬಿಂದಿಗೆ ನೀರು ಹಿಡಿಯುತ್ತದೆ. ಕೆರೆ ಮೀನು ಬೇಡ. ಎಂ.ಎಸ್ಸಿ. ಪ್ರವಾಸದಲ್ಲಿ ಕಡಲ ತಡಿಯ ಕಲ್ಲುಗುಂಡಿಯ ಮುಂದೆ ನಾವಿಬ್ಬರೂ ಮಂಡಿಯೂರಿ ಕೂತಿದ್ದೆವಲ್ಲ, ಮೇಷ್ಟ್ರು ಬಸ್ಸಿಗೆ ಕರೆದರೂ ಏಳದೆ? ಆ ಗುಂಡಿ ನನಗೆ ಬೇಕು. ಹವಳ, ಮುಟ್ಟಿದರೆ ಮುದುಡುವ ಕಡಲ ಹೂವು, ಎಲ್ಲ.

ನೀನು ಮೀನುಗಾರಿಕೆ ಕೇಂದ್ರದಲ್ಲಿ ಇದ್ದೀಯ, ಜೀವಗಳನ್ನು ನೀನೇ ತಂದುಕೊಡುತ್ತೀಯ ಎಂದು ಲೆಕ್ಕ ಹಾಕಿದ್ದೇನೆ. ಈಗ ಕೇಳುವುದು ಒಂದೇ: ನೀರು ತಿರುಗಿಸಲು ಯಾವ ಯಂತ್ರ ತರಲಿ? ಅಂಗಡಿಯಲ್ಲಿ ಗುಳ್ಳೆ ಬಿಡುವ ಗಾಳಿ ಪಂಪು ಇದೆ. ಮದುವೆ ಮನೆಯಲ್ಲಿ ಇಡುವ ಕಾರಂಜಿ ಮೋಟಾರೂ ಇದೆ. ಅಂಗಡಿಯವನು, ‘ಕಾರಂಜೀನೇ ತಗೊಳ್ಳಿ ಸಾರ್, ನೋಡೋಕೆ ಚೆನ್ನಾಗಿರುತ್ತೆ’ ಎನ್ನುತ್ತಾನೆ.

ಉತ್ತರ ಕಾಲೇಜಿನ ವಿಳಾಸಕ್ಕೆ ಬರೆ. ಮನೆ ಕಡೆಯ ಅಂಚೆಯವನು ಅಷ್ಟಕ್ಕಷ್ಟೆ.

ನಿನ್ನ
ಸೇತುರಾಮ


ಕಾರವಾರ
೨೩ ಜೂನ್ ೧೯೭೪

ಸೇತು,

ಅಂಗಡಿಯವನ ಮಾತು ಕೇಳಬೇಡ. ಚೆನ್ನಾಗಿ ಕಾಣಬೇಕಾದ್ದು ನಿನಗೆ. ಬದುಕಬೇಕಾದ್ದು ಹವಳ.

ಹವಳ ಪ್ರಾಣಿ ಎಂದು ನೀನು ಹುಡುಗರಿಗೆ ಪಾಠ ಮಾಡುತ್ತೀಯ. ಪಾಠ ಬೇರೆ, ಸಾಕುವುದು ಬೇರೆ. ಅದು ಅಂಟಿಕೊಂಡ ಕಲ್ಲು ಬಿಟ್ಟು ಎದ್ದು ಹೋಗಲಾರದು. ಅನ್ನ ಅದರ ಬಾಯಿಯ ಹತ್ತಿರ ಬರಬೇಕು, ಉಸಿರು ಬರಬೇಕು, ಹೊಲಸು ಅಲ್ಲಿಂದ ಆಚೆ ಹೋಗಬೇಕು. ಮೂರನ್ನೂ ಮಾಡುವುದು ಓಡಾಡುವ ನೀರು. ನೀರು ಬಂದು ಮುಟ್ಟದಿದ್ದರೆ ಅದು ತನ್ನ ಕೊಳೆಯಲ್ಲೇ ಸಾಯುತ್ತದೆ. ಕೆಂಗೇರಿ ಪಕ್ಕದ ಉಳ್ಳಾಳದ ಕೇರಿಯಲ್ಲಿ ಹುಟ್ಟಿದ ನನಗೆ ಇದನ್ನು ಪುಸ್ತಕ ಹೇಳಿಕೊಡಬೇಕಾಗಿರಲಿಲ್ಲ.

ಗಾಳಿ ಪಂಪಿನ ಗುಳ್ಳೆ ನೆಟ್ಟಗೆ ಮೇಲಕ್ಕೆ ಹೋಗಿ ಒಡೆಯುತ್ತದೆ. ಮೇಲಿನ ನೀರು ಕುಣಿಯುತ್ತದೆ, ಕಲ್ಲಿನ ಹಿಂದಿನ ನೀರು ಹೆಣದ ಹಾಗೆ ಬಿದ್ದಿರುತ್ತದೆ. ಅದೊಂದೇ ಸಾಲದು. ಕಾರಂಜಿ ಮೋಟಾರಂತೂ ಬೇಡವೇ ಬೇಡ. ಒಂದೇ ಕಡೆ ಚಾಕುವಿನ ಹಾಗೆ ಹೊಡೆಯುತ್ತದೆ. ಅದಕ್ಕಿಂತ ಕೆಟ್ಟದ್ದು, ಅದರ ರೆಕ್ಕೆ ಹಿತ್ತಾಳೆಯದು. ಉಪ್ಪುನೀರಿನಲ್ಲಿ ತಾಮ್ರ ಬಿಟ್ಟುಕೊಳ್ಳುತ್ತದೆ. ತಾಮ್ರವನ್ನು ಮೀನು ಸ್ವಲ್ಪ ತಡೆದುಕೊಳ್ಳಬಹುದು, ಹವಳ, ಏಡಿ, ಕಡಲ ಹೂವು ತಡೆಯುವುದಿಲ್ಲ. ಹಿತ್ತಾಳೆಯ ಒಂದು ತಿರುಪು ಕೂಡ ನೀರಿಗೆ ತಾಗಬಾರದು.

ಹೊಲಿಗೆ ಯಂತ್ರಕ್ಕೆ ಕಟ್ಟುವ ಸಣ್ಣ ಮೋಟಾರು ತಗೋ. ಅದು ಹಲಗೆಯ ಮೇಲೆ, ನೀರಿನಿಂದ ಆಚೆ ಇರಲಿ. ಅದರಿಂದ ನೈಲಾನ್ ಕಡ್ಡಿಯೊಂದು ನೀರೊಳಗೆ ಇಳಿಯಲಿ, ತುದಿಗೆ ಪ್ಲಾಸ್ಟಿಕ್ ಹಾಳೆಯ ಅಗಲ ರೆಕ್ಕೆ. ಕಾಲಿನ ಪೆಡಲ್ ಇರುವುದರಿಂದ ವೇಗ ಇಳಿಸಬಹುದು. ಸದಾ ಓಡಿದರೆ ಬಿಸಿಯಾಗುತ್ತದೆ. ಅರ್ಧ ಗಂಟೆ ಓಡಿಸು, ಅರ್ಧ ಗಂಟೆ ಬಿಡು. ರಾತ್ರಿಗೆ ಗಾಳಿ ಪಂಪು ಸಾಕು. ರೆಕ್ಕೆಯನ್ನು ಗಾಜಿನ ಕಡೆ ತಿರುಗಿಸಿಡು. ನೀರು ಗಾಜಿಗೆ ಬಡಿದು, ಒಡೆದು, ಸುತ್ತಿ ಬಂದು ಹವಳಕ್ಕೆ ತಾಗಲಿ.

ನನ್ನ ವಿಷಯ: ಐಸ್ ಫ್ಯಾಕ್ಟರಿಯ ಹಿಂದೆ ಕೋಣೆ ಸಿಕ್ಕಿದೆ. ಊರೊಳಗೆ ಮನೆ ಕೇಳಿದ ಕಡೆಯೆಲ್ಲ ಕೆಲಸ ಏನೆಂದು ಕೇಳಿ ಒಪ್ಪಿದರು, ಅಪ್ಪನ ಹೆಸರು ಕೇಳಿದ ಮೇಲೆ ಬೇರೆಯವರಿಗೆ ಮಾತು ಕೊಟ್ಟಾಗಿದೆ ಎಂದರು. ಐಸ್ ಫ್ಯಾಕ್ಟರಿಯವನು ಏನೂ ಕೇಳಲಿಲ್ಲ. ಆ ಕೋಣೆಗೆ ಬೇರೆ ಯಾರೂ ಬರುವುದಿಲ್ಲವಲ್ಲ.

ಹನುಮಯ್ಯ


ರಾಜಾಜಿನಗರ
೧೪ ಜುಲೈ ೧೯೭೪

ಪ್ರಿಯ ಹನುಮ,

ಮೋಟಾರು ಹೊಸದು ಕೊಳ್ಳಲಿಲ್ಲ. ಅಂಬುಜಾಳ ಹೊಲಿಗೆ ಯಂತ್ರದಿಂದ ಬಿಚ್ಚಿಕೊಂಡೆ. ಬಿಚ್ಚುವಾಗ ಅದರ ಕೆಳಗೆ ನೀಲಿ ದಾರದ ಎಳೆ ಸಿಕ್ಕಿಕೊಂಡಿತ್ತು. ಅಷ್ಟೆ.

ಕಡ್ಡಿ, ರೆಕ್ಕೆ ಮಾಡಿಕೊಟ್ಟವರು ಇಲ್ಲಿ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತು ಇಟ್ಟುಕೊಂಡಿರುವ ಕೃಷ್ಣಯ್ಯ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಕೇಳಿದರು:

‘ಏನ್ ಸಾರ್ ಇದು, ಮಜ್ಜಿಗೆ ಕಡೆಯೋಕಾ?’

‘ಇಲ್ಲ ಕೃಷ್ಣಯ್ಯ, ಸಮುದ್ರ ಕಡೆಯೋಕೆ.’

‘ಹಂಗಾದ್ರೆ ಹುಷಾರು ಸಾರ್. ಮೊದಲು ಬರೋದು ವಿಷ!’

ಇಡೀ ಶೆಡ್ಡೇ ನಕ್ಕಿತು. ಎಷ್ಟೋ ತಿಂಗಳ ಮೇಲೆ ನಾನೂ ನಕ್ಕೆ.

ಈಗ ತೊಟ್ಟಿಗೆ ಕೊಳಾಯಿ ನೀರು ತುಂಬಿ ಓಡಿಸಿ ನೋಡುತ್ತಿದ್ದೇನೆ. ಮರಳಿನ ಚೂರು ಹಾಕಿದರೆ ಸುತ್ತು ಹೊಡೆದು ಬರುತ್ತದೆ. ನಾನು ಕಾಲೇಜಿಗೆ ಹೋದಾಗ ಗಡಿಯಾರ ನೋಡಿಕೊಂಡು ಗುಂಡಿ ಒತ್ತುವವರು ಅಮ್ಮ. ‘ನಿನ್ನ ಸಮುದ್ರಕ್ಕೆ ಮಧ್ಯಾಹ್ನದ ನಿದ್ದೆ ಬೇಡ್ವೇನೋ’ ಎಂದು ಬೈಯುತ್ತಾರೆ, ಒತ್ತುತ್ತಾರೆ.

ದಸರಾ ರಜಕ್ಕೆ ನಿನ್ನ ತಾಯಿಯನ್ನು ನೋಡಲು ಉಳ್ಳಾಳಕ್ಕೆ ಬರುತ್ತೀಯಲ್ಲ, ಆಗ ಜೀವಗಳನ್ನು ತಾ. ನೇರ ಮನೆಗೇ ಬಾ.

ಸೇತು


ಕಾರವಾರ
೪ ಆಗಸ್ಟ್ ೧೯೭೪

ಸೇತು,

ಯಂತ್ರ ಸರಿಯಾಗಿದೆ. ಇನ್ನು ನನ್ನ ಪ್ರಶ್ನೆ. ಅಡ್ಡ ಮಾತು ಬೇಡ.

ನಿಮ್ಮಮ್ಮನಿಗೆ ನಾನು ಬರುವುದನ್ನು ಹೇಳಿದ್ದೀಯಾ? ನಾನು ಯಾರೆಂದು ಹೇಳಿದ್ದೀಯಾ? ಕಲ್ಲು ಜೋಡಿಸಬೇಕಾದರೆ ನನ್ನ ಕೈ ಭುಜದವರೆಗೆ ಆ ನೀರಿನಲ್ಲಿ ಇಳಿಯುತ್ತದೆ. ನಿಮ್ಮ ನಡುಮನೆಯಲ್ಲಿ, ದೇವರ ಮನೆಗೆ ನೇರವಾಗಿ ಇಟ್ಟಿರುವ ತೊಟ್ಟಿ ಅದು. ಓದುತ್ತಿದ್ದಾಗ ಒಮ್ಮೆ ನಿಮ್ಮ ಮನೆಗೆ ಬಂದಿದ್ದೆ, ಜ್ಞಾಪಕ ಇದೆಯಾ? ಜಗಲಿಯ ಮೇಲೆ ಕೂರಿಸಿ ‘ಒಳಗೆ ಸುಣ್ಣ ಹೊಡೀತಾ ಇದಾರೆ’ ಎಂದೆ. ಸುಣ್ಣದ ವಾಸನೆ ಇರಲಿಲ್ಲ. ಆಗ ನನಗೆ ಇಪ್ಪತ್ತು ವರ್ಷ, ನುಂಗಿಕೊಂಡೆ. ಈಗ ನುಂಗುವುದಿಲ್ಲ. ನಮ್ಮ ಹುಡುಗರು ಊರೂರಿನಲ್ಲಿ ಸಭೆ ಸೇರಿಸಿ ಎದ್ದು ನಿಲ್ಲುತ್ತಿದ್ದಾರೆ. ನಾನು ಗೆಳೆಯನ ಜಗಲಿಯ ಮೇಲೆ ಕೂತಿರಲಾರೆ.

ನಿನ್ನ ಮನೆಯಲ್ಲಿ ನನಗೆ ಜಾಗ ಇದ್ದರೆ ಇದೆ ಎನ್ನು. ಇಲ್ಲದಿದ್ದರೆ ಇಲ್ಲ ಎನ್ನು. ಇಲ್ಲ ಎಂದರೂ ಹವಳವನ್ನು ಕೆಂಗೇರಿ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಕೈಗೆ ಕೊಟ್ಟು ಹೋಗುತ್ತೇನೆ. ಸುಳ್ಳು ಮಾತ್ರ ಹೇಳಬೇಡ.

ಹನುಮಯ್ಯ


ರಾಜಾಜಿನಗರ
೧೮ ಆಗಸ್ಟ್ ೧೯೭೪

ಪ್ರಿಯ ಹನುಮ,

ಹೇಳಿದ್ದೇನೆ. ಬಾ.

ಸೇತು


ಕಾರವಾರ
೩ ನವೆಂಬರ್ ೧೯೭೪

ಪ್ರೀತಿಯ ಸೇತು,

ಬಂದು ಮುಟ್ಟಿದೆ. ಬಸ್ಸಿನ ಧೂಳು ಇನ್ನೂ ಮೂಗಿನಲ್ಲಿದೆ, ಆದರೂ ಬರೆಯಲು ಕೂತಿದ್ದೇನೆ.

ಹೋಗುವಾಗ ಕಂಡಕ್ಟರನ ಜೊತೆ ನಡೆದದ್ದನ್ನು ನಿನಗೆ ಹೇಳಲು ಮರೆತೆ. ಬಸ್ಸಿನ ಮೇಲೆ ಕ್ಯಾನುಗಳನ್ನು ಏರಿಸುವಾಗ ಹಿಡಿದುಕೊಂಡ. ‘ಏನ್ರೀ ಇದು, ಸಾರಾಯಿನಾ?’ ‘ಸಮುದ್ರ’ ಎಂದೆ. ಬೆರಳು ಅದ್ದಿ ನಾಲಿಗೆಗೆ ಇಟ್ಟು ಉಗಿದ. ‘ಥೂ! ಬೆಂಗಳೂರಲ್ಲಿ ಉಪ್ಪು ಸಿಗಲ್ವೇನ್ರೀ?’

ಸೇತು, ನಿನ್ನ ಮಾತನ್ನು ನಾನು ನಂಬಿರಲಿಲ್ಲ. ನಿಮ್ಮ ಬಾಗಿಲಲ್ಲಿ ನಿಂತಾಗ ನನ್ನ ಕಾಲು ತಾನಾಗಿಯೇ ಜಗಲಿಯ ಕಡೆ ತಿರುಗಿತು. ನಿಮ್ಮಮ್ಮ ಅಲಮೇಲಮ್ಮನವರು, ‘ಒಳಗೆ ಬಾಪ್ಪ, ಜೀವ ಇದೆಯಂತೆ ಡಬ್ಬದಲ್ಲಿ, ಬಿಸಿಲಲ್ಲಿ ನಿಲ್ಲಿಸ್ಬೇಡ’ ಎಂದರು. ಅಂಗಿ ಬಿಚ್ಚಿ, ತೋಳನ್ನು ನೀರಿಗೆ ಇಳಿಸಿದಾಗ ಅವರ ಮುಖ ನೋಡಲಿಲ್ಲ. ನೋಡಿದರೆ ಏನು ಕಾಣುತ್ತದೋ ಎಂದು. ಕಲ್ಲು ಕೂರಿಸಿದ್ದಾಯಿತು, ಏಡಿ ಬಿಟ್ಟಿದ್ದಾಯಿತು. ನೀನು ಗುಂಡಿ ಒತ್ತಿದೆ. ಮುದುಡಿದ್ದ ಕಡಲ ಹೂವು ಒಂದೊಂದೇ ಬಿಚ್ಚಿತಲ್ಲ, ಆಗ ಆಕೆ ಎಳೇ ಹುಡುಗಿಯ ಹಾಗೆ ಚಪ್ಪಾಳೆ ಹೊಡೆದರು. ‘ಅಯ್ಯೋ, ಇದಕ್ಕೆ ಬಾಯೆಲ್ಲೋ ಸೇತು?’ ಎಂದು ನಿನ್ನನ್ನು ಕೇಳಿದರು. ನಿನಗೆ ಗೊತ್ತಾಗಲಿಲ್ಲ, ನಾನು ತೋರಿಸಿದೆ. ನಾನು ಬೆರಳಿಟ್ಟ ಗಾಜಿಗೆ ಆಕೆಯೂ ಆಚೆಯಿಂದ ಬೆರಳಿಟ್ಟರು. ಕಾಫಿಯ ಲೋಟವನ್ನು ನಾನು ತೊಳೆಯಲು ಹೋದರೆ ‘ಇರಲಿ ಬಿಡಪ್ಪ’ ಎಂದರು.

ಉಳ್ಳಾಳಕ್ಕೆ ಹೋಗಿ ನಮ್ಮವ್ವ ಮುನಿತಾಯಮ್ಮನಿಗೆ ಎಲ್ಲ ಹೇಳಿದೆ. ಅವ್ವ ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಲಿಲ್ಲ. ‘ಲೋಟ ತೊಳೆಯೋದು ಬ್ಯಾಡ ಅಂದ್ರೆ, ಆಮೇಲೆ ಏನ್ಮಾಡಿದ್ರು ನೋಡಿದ್ಯಾ?’ ಎಂದಳು. ಅವ್ವನ ಮೇಲೆ ರೇಗಿದೆ. ಎಲ್ಲರ ಮೇಲೂ ಅನುಮಾನಪಟ್ಟರೆ ನಾವು ಬದುಕುವುದು ಯಾವಾಗ ಎಂದು ಕೂಗಾಡಿದೆ.

ನೀರು ಕಡಿಮೆಯಾದರೆ ಕುದಿಸಿ ಆರಿಸಿದ ಸಿಹಿನೀರನ್ನೇ ಹಾಕು. ಬೇಸಿಗೆಗೆ ಮತ್ತೆ ಬರುತ್ತೇನೆ.

ನಿನ್ನ
ಹನುಮ


ರಾಜಾಜಿನಗರ
೧೭ ನವೆಂಬರ್ ೧೯೭೪

ಪ್ರಿಯ ಹನುಮ,

ಕೆಟ್ಟ ಸುದ್ದಿ. ಎಲ್ಲ ಸಾಯುತ್ತಿವೆ.

ಮೊದಲು ಏಡಿ ಚಿಪ್ಪಿನಿಂದ ಆಚೆ ಬಂದು ಬಿದ್ದಿತು. ಕಡಲ ಹೂವುಗಳು ಮುದುಡಿದವು, ಮತ್ತೆ ಬಿಚ್ಚಲಿಲ್ಲ. ಹವಳದ ಮೇಲಿನ ಜೀವ ಲೋಳೆಯಾಗಿ ಕರಗಿ ಬಿಳೀ ಕಲ್ಲು ಉಳಿದಿದೆ. ನೀನು ತಂದ ಎರಡು ಕಲ್ಲುಮೀನು ಮಾತ್ರ ಓಡಾಡಿಕೊಂಡಿವೆ. ಅಮ್ಮ ತೊಟ್ಟಿಯ ಹತ್ತಿರ ಬರುವುದಿಲ್ಲ, ಊಟ ಸೇರುತ್ತಿಲ್ಲ.

ಯಂತ್ರದಲ್ಲೇ ಏನೋ ದೋಷ ಇರಬೇಕು. ಅಂಬುಜಾಳ ಮೋಟಾರು ಹಳೆಯದು. ಕೃಷ್ಣಯ್ಯನವರ ನೈಲಾನು ಎಂಥದ್ದೋ.

ಸೇತು


ಕಾರವಾರ
೨೪ ನವೆಂಬರ್ ೧೯೭೪

ಸೇತು,

ಮೀನು ಉಳಿದು ಮಿಕ್ಕೆಲ್ಲ ಸತ್ತರೆ ಅದು ತಾಮ್ರ. ಬೇರೆ ಏನೂ ಅಲ್ಲ.

ತಪ್ಪು ನನ್ನದು. ರೆಕ್ಕೆಯನ್ನು ಕಡ್ಡಿಗೆ ಹಿಡಿದಿರುವ ತಿರುಪನ್ನು ನಾನು ನೋಡಬೇಕಿತ್ತು. ಅದು ಹಿತ್ತಾಳೆಯದೇ ಇರಬೇಕು, ಮೇಲೆ ಬಣ್ಣ ಹೊಡೆದಿರುತ್ತಾರೆ. ಚಪ್ಪಾಳೆ ಕೇಳಿ ಮೈಮರೆತೆ. ಅಷ್ಟು ದೂರದಿಂದ ಹೊತ್ತು ತಂದು ನನ್ನ ಕೈಯಿಂದಲೇ ಕೊಂದೆ.

ಕಡ್ಡಿ, ರೆಕ್ಕೆ ಬಿಚ್ಚಿ ಪಾರ್ಸೆಲ್ ಮಾಡು. ನಾನು ನೋಡಬೇಕು. ಅಮ್ಮನವರಿಗೆ ಹೇಳು, ಹನುಮಯ್ಯ ಕ್ಷಮೆ ಕೇಳಿದ ಎಂದು.

ಹನುಮಯ್ಯ


ರಾಜಾಜಿನಗರ
೮ ಡಿಸೆಂಬರ್ ೧೯೭೪

ಪ್ರಿಯ ಹನುಮ,

ಕಡ್ಡಿ, ರೆಕ್ಕೆ ಕಳಿಸಿದ್ದೇನೆ. ಆದರೆ ಅದನ್ನೇ ಹಿಡಿದು ಕೂರಬೇಡ. ಆದದ್ದಾಯಿತು, ಯಾರ ತಪ್ಪಾದರೇನು. ಇಂಥ ಜೀವಗಳಿಗೆ ಬೆಂಗಳೂರಿನ ಹವ ಆಗದೋ ಏನೋ.

ಸೇತು


ಕಾರವಾರ
೨೨ ಡಿಸೆಂಬರ್ ೧೯೭೪

ಸೇತುರಾಮ,

ಪಾರ್ಸೆಲ್ ಬಂತು. ತಿರುಪೇ ಇಲ್ಲ. ಕೃಷ್ಣಯ್ಯ ನೈಲಾನಿನ ಮೊಳೆಯನ್ನೇ ಕೂರಿಸಿದ್ದಾರೆ. ಕೇಂದ್ರದ ಲ್ಯಾಬಿನಲ್ಲಿ ಕಡ್ಡಿಯನ್ನು ಉಪ್ಪುನೀರಿನಲ್ಲಿ ನೆನೆಹಾಕಿ, ಆ ನೀರಿಗೆ ಏಡಿ ಬಿಟ್ಟೆ. ಏಡಿ ಗಟ್ಟಿಮುಟ್ಟಾಗಿ ಓಡಾಡುತ್ತಿದೆ. ನೀರಿನಲ್ಲಿ ತಾಮ್ರದ ಗುರುತೂ ಇಲ್ಲ. ನಾನು ತಂದ ನೀರಿನದೇ ಇನ್ನೊಂದು ಕ್ಯಾನು ಇಲ್ಲಿದೆ, ಅದರಲ್ಲೂ ಇಲ್ಲ.

ಯಂತ್ರ ಕೊಂದಿಲ್ಲ. ನೀರು ಕೊಂದಿಲ್ಲ. ಉಳಿದದ್ದು ನನ್ನ ಕೈ. ಅವತ್ತು ಬಸ್ಸಿನ ಕಂಬಿ ಹಿಡಿದಿದ್ದೆನಾ, ಕೈ ಸರಿಯಾಗಿ ತೊಳೆದೆನಾ, ಉಗುರಿನಲ್ಲಿ ಏನಿತ್ತು ಎಂದು ತಿರುಗಿಸಿ ತಿರುಗಿಸಿ ನೋಡಿಕೊಂಡಿದ್ದೇನೆ. ನನ್ನ ಕೈಯನ್ನು ನಾನೇ ಹೀಗೆ ನೋಡುತ್ತಿದ್ದೇನಲ್ಲ ಎಂದು ಗೊತ್ತಾದ ಗಳಿಗೆ ಮೈ ಉರಿಯಿತು.

ನಾನು ಹೋದ ಮೇಲೆ ಆ ನೀರಿಗೆ ಏನು ಬಿತ್ತು? ಯಾರು ಹಾಕಿದರು? ಬರೆ.

ಹನುಮಯ್ಯ


ರಾಜಾಜಿನಗರ
೫ ಜನವರಿ ೧೯೭೫

ಪ್ರಿಯ ಹನುಮ,

ಬರೆಯುತ್ತೇನೆ. ಪೂರ್ತಿ ಓದು.

ನೀನು ಯಾರೆಂದು ಆಗಸ್ಟಿನಲ್ಲಿ ಅಮ್ಮನಿಗೆ ಹೇಳಿದ್ದು ನಿಜ. ‘ಬರ್ಲಿ, ಮನೆಗೆ ಬಂದೋರನ್ನ ಬೇಡ ಅನ್ನಲ್ಲ. ಆಮೇಲೆ ನಾನು ಮಾಡೋದನ್ನ ನಾನು ಮಾಡ್ಕೋತೀನಿ’ ಎಂದಿದ್ದರು. ಆ ಎರಡನೆಯ ಮಾತನ್ನು ನಿನಗೆ ಬರೆಯಲಿಲ್ಲ.

ನೀನು ಹೋದ ಸಂಜೆ ಅಮ್ಮ ನಡುಮನೆ ತೊಳೆದದ್ದಾಯಿತು. ತೊಟ್ಟಿಯ ಮುಂದೆ ನಿಂತು, ‘ಇದನ್ನ ಚೆಲ್ಲೋಕಾಗಲ್ಲ ಕಣೋ, ಪಾಪ, ಜೀವ ಇದೆ’ ಎಂದರು. ಬಾವಿಗೆ ಮೈಲಿಗೆಯಾದರೆ, ಪೂಜೆ ಮಾಡಿದ ತಾಮ್ರದ ಬಿಲ್ಲೆಯನ್ನು ಬಾವಿಗೆ ಹಾಕಿಬಿಡುವುದು ನಮ್ಮ ಮನೆತನದ ಪದ್ಧತಿ. ಅಂಥದೊಂದನ್ನು ದೇವರ ಪೆಟ್ಟಿಗೆಯಿಂದ ತಂದು ಕಲ್ಲಿನ ಹಿಂದೆ ಇಳಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ತಾಮ್ರ ಏನು ಮಾಡುತ್ತದೆ ಎಂದು ನೀನು ಬರೆದದ್ದು ನೆನಪಿತ್ತು. ಬೆಳಿಗ್ಗೆ ಮೆಲ್ಲಗೆ ತೆಗೆದರಾಯಿತು ಎಂದುಕೊಂಡೆ. ಬೆಳಿಗ್ಗೆ ಅಮ್ಮ ಅಲ್ಲೇ ಜಪಕ್ಕೆ ಕೂತಿದ್ದರು. ತೆಗೆದರೆ ಯಾಕೆ ಎನ್ನುತ್ತಾರೆ, ನಿನ್ನ ಮಾತು ಬರುತ್ತದೆ, ಜಗಳವಾಗುತ್ತದೆ. ಈ ಮನೆಯಲ್ಲಿ ನನ್ನ ಜೊತೆ ಮಾತಾಡುವವರು ಅವರೊಬ್ಬರೇ ಹನುಮ. ಅವರೂ ಮಾತು ಬಿಟ್ಟರೆ ಎಂದು ಹೆದರಿಕೆಯಾಯಿತು. ಬಿಟ್ಟುಬಿಟ್ಟೆ.

ನಿನ್ನ ಕಾಗದ ಬಂದ ಮೇಲೆ ಅಮ್ಮನಿಗೆ ನಿಜ ಹೇಳಿದೆ. ‘ನನ್ನ ಕೈಯಿಂದ್ಲೇ ಹೋದ್ವಾ?’ ಎಂದು ಕೂತುಬಿಟ್ಟರು. ಎರಡು ದಿನ ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ಅವರೇ ಕರೆದು ಹೇಳಿದರು: ‘ಅವನು ಒಳ್ಳೇ ಹುಡುಗ ಕಣೋ. ಮತ್ತೆ ತರೋಕೆ ಹೇಳು. ಈ ಸಲ ಬೆಳ್ಳೀದು ಹಾಕ್ತೀನಿ. ಬೆಳ್ಳಿ ಆಗುತ್ತಾ ಅಂತ ಅವನ್ನೇ ಕೇಳಿ ಬರಿ.’

ಅಮ್ಮ ಇಷ್ಟಕ್ಕೆ ಬಂದದ್ದೇ ಹೆಚ್ಚು. ಅದಕ್ಕೇ ಕೇಳುತ್ತಿದ್ದೇನೆ. ಬೆಳ್ಳಿಯ ವಿಷಯ ನನ್ನ ಪುಸ್ತಕಗಳಲ್ಲಿ ಸಿಗಲಿಲ್ಲ. ಆಗಬಹುದಾ?

ನಿನ್ನ
ಸೇತು


ಕಾರವಾರ
೧೨ ಜನವರಿ ೧೯೭೫

ಸೇತುರಾಮ,

ಕೇಳಿದ್ದಕ್ಕೆ ಮೊದಲು ಉತ್ತರ. ಬೆಳ್ಳಿ ಆಗುವುದಿಲ್ಲ. ತಾಮ್ರದಷ್ಟೇ ಕೊಲ್ಲುತ್ತದೆ. ಸತು, ಸೀಸವೂ ಆಗದು. ಚಿನ್ನ ಏನೂ ಮಾಡುವುದಿಲ್ಲ. ಚಿನ್ನದ ಬಿಲ್ಲೆ ಇದ್ದರೆ ಹಾಕಬಹುದು, ಜೀವಗಳು ಬದುಕುತ್ತವೆ. ಆ ಜೀವಗಳನ್ನು ಬೇರೆ ಯಾರಾದರೂ ತಂದುಕೊಡಲಿ.

ನಿಮ್ಮಮ್ಮನ ಮೇಲೆ ನನಗಿರುವುದು ಹಳೆಯ ಸಿಟ್ಟು. ನಮ್ಮಪ್ಪನಿಗೂ ಇತ್ತು, ಅವರಪ್ಪನಿಗೂ ಇತ್ತು. ಅದನ್ನು ಬೀದಿಗೆ ತಂದಾಗಿದೆ. ಕೂಗುತ್ತೇವೆ, ಏಟು ತಿನ್ನುತ್ತೇವೆ, ಕೊಡುತ್ತೇವೆ, ಇವತ್ತಲ್ಲ ನಾಳೆ ಗೆಲ್ಲುತ್ತೇವೆ. ನಿನ್ನ ಮೇಲೆ ಇರುವುದು ಆ ಸಿಟ್ಟಲ್ಲ. ಆಕೆ ನೀರು ಶುದ್ಧವಾಗುತ್ತದೆ ಎಂದು ನಂಬಿ ಹಾಕಿದರು. ನೀನು ಸಾಯುತ್ತವೆ ಎಂದು ತಿಳಿದು ಸುಮ್ಮನಿದ್ದೆ. ನನ್ನ ಹೆಸರು ನಿನ್ನ ಮನೆಯಲ್ಲಿ ಜೋರಾಗಿ ಕೇಳಿಸಬಾರದೆಂದು ಒಂದು ತೊಟ್ಟಿ ಜೀವ ಕರಗುವುದನ್ನು ಕುರ್ಚಿ ಹಾಕಿಕೊಂಡು ನೋಡಿದೆ. ಆಮೇಲೆ ಆ ಹೆಣಗಳನ್ನು ಸತ್ತ ಹೆಂಡತಿಯ ಮೋಟಾರಿಗೆ ಕಟ್ಟಿದೆ, ಕೃಷ್ಣಯ್ಯನ ಕೆಲಸಕ್ಕೆ ಕಟ್ಟಿದೆ, ನಾನು ಕುತ್ತಿಗೆ ಒಡ್ಡಿದಾಗ ನನಗೂ ಕಟ್ಟಿದೆ.

ಒಂದು ವಿಷಯ ತಿಳಿದುಕೋ. ನನ್ನ ಕೈ ತಾಗಿದರೆ ನೀರು ಕೆಡುತ್ತದೆ ಎಂದು ಹುಟ್ಟಿದಾಗಿನಿಂದ ಕೇಳಿದ್ದೇನೆ. ಗೌಡರು ಹೇಳಿದರು, ಮೇಷ್ಟ್ರು ಹೇಳಿದರು, ಹೋಟೆಲಿನವನು ಹೇಳಿದ. ಒಂದು ದಿನವೂ ನಾನು ನಂಬಿರಲಿಲ್ಲ. ಈ ಡಿಸೆಂಬರಿನಲ್ಲಿ ನಂಬಿದೆ. ದೀಪದ ಕೆಳಗೆ ಕೈ ಹಿಡಿದು ಉಗುರು ನೋಡಿಕೊಂಡೆ. ಅವರಾರ ಕೈಯಲ್ಲೂ ಆಗದ ಕೆಲಸವನ್ನು ನೀನು ಎರಡು ಕಾಗದದಲ್ಲಿ ಮಾಡಿದೆ, ‘ಪ್ರಿಯ ಹನುಮ’ ಎಂದು ಶುರುಮಾಡಿ.

ನೀನು ಒಂಟಿ ಎಂದು ಬರೆದಿದ್ದೀಯ. ಒಂಟಿಯಾದವನು ಮನುಷ್ಯರ ಕಡೆ ಬರಬೇಕು. ನೀನು ನಿನ್ನ ಒಂಟಿತನವನ್ನು ಬಾಗಿಲಿಗೆ ಅಡ್ಡ ಇಟ್ಟುಕೊಂಡೆ.

ಕಡ್ಡಿ, ರೆಕ್ಕೆಯನ್ನು ನಾಳೆ ಅಂಚೆಗೆ ಹಾಕುತ್ತೇನೆ, ಮನೆಯ ವಿಳಾಸಕ್ಕೇ. ಯಂತ್ರ ಚೆನ್ನಾಗಿದೆ, ಇನ್ನೂ ಬಹಳ ವರ್ಷ ಓಡುತ್ತದೆ. ಬೇಸಿಗೆಗೆ ಉಳ್ಳಾಳಕ್ಕೆ ಬರುತ್ತೇನೆ. ರಾಜಾಜಿನಗರದಲ್ಲಿ ಇಳಿಯುವುದಿಲ್ಲ.

ಈವರೆಗೆ ನಿನಗೆ ಬರೆದದ್ದೆಲ್ಲ ಭಾನುವಾರ ಮಧ್ಯಾಹ್ನ. ಐಸ್ ಫ್ಯಾಕ್ಟರಿ ಅವತ್ತು ನಿಂತಿರುತ್ತದೆ, ಕೋಣೆಯಲ್ಲಿ ನನ್ನ ಉಸಿರೇ ನನಗೆ ಕೇಳಿಸುತ್ತದೆ. ಈ ಊರಿನಲ್ಲಿ ನಾನು ಬಾಯಿ ಬಿಟ್ಟು ಮಾತಾಡುತ್ತಿದ್ದದ್ದು ಆ ಒಂದು ಹೊತ್ತು, ಅದೂ ಹಾಳೆಯ ಮೇಲೆ. ಮುಂದಿನ ವಾರ ಆ ಹೊತ್ತಿಗೆ ಏನು ಮಾಡುವುದೋ ಗೊತ್ತಿಲ್ಲ. ಇವತ್ತು ಅಮಾವಾಸ್ಯೆ, ಸಂಜೆಗೆ ಕಡಲ ನೀರು ಬಹಳ ಕೆಳಗೆ ಇಳಿಯುತ್ತದೆ. ಇದನ್ನು ಮುಗಿಸಿ ಕಲ್ಲುಗುಂಡಿಗಳ ಕಡೆ ಹೋಗುತ್ತೇನೆ.

ಉತ್ತರ ಬರೆಯಬೇಡ. ಬರೆದರೆ ಓದುತ್ತೇನೆ. ಅದೇ ತೊಂದರೆ.

ದೊಡ್ಡಹನುಮಯ್ಯ